ಕೇಡ್ಸ್ ಕೋವ್ ಕಣಿವೆಯ ಹಳೆಯ ಬ್ಯಾಪ್ಟಿಸ್ಟ್ ಚರ್ಚು: ಹೋಗುವವರಿಗೆ ಕೆಲವು ಸೂಚನೆಗಳು

ಅಟ್ಲಾಂಟಾದಿಂದ ಟೆನ್ನೆಸ್ಸಿಯ ಗ್ರೇಟ್ ಸ್ಮೋಕಿ ಮೌಂಟನ್ಸ್ ರಾಷ್ಟ್ರೀಯ ಉದ್ಯಾನಕ್ಕೆ ಹೋಗುವ ಕನ್ನಡ ಕುಟುಂಬಗಳಲ್ಲಿ ಹೆಚ್ಚಿನವರು ಕೇಡ್ಸ್ ಕೋವ್ ಕಣಿವೆಗೆ ಹೋಗುವುದು ಕರಡಿ, ಜಿಂಕೆಗಳನ್ನು ನೋಡಲಿಕ್ಕೆ. ಕಳೆದ ಅಕ್ಟೋಬರಿನಲ್ಲಿ ನಾವೂ ಅದೇ ಆಸೆಯಿಂದ ಹೊರಟವರು. ಆದರೆ ಆ ದಿನ ನಮ್ಮನ್ನು ಹೆಚ್ಚು ಹೊತ್ತು ಹಿಡಿದು ನಿಲ್ಲಿಸಿದ್ದು 1887ರಲ್ಲಿ ಕಟ್ಟಿದ, ಕ್ರೈಸ್ತರ ಬ್ಯಾಪ್ಟಿಸ್ಟ್ ಪಂಥದ ಹಳೆಯ ಸಂಪ್ರದಾಯವಾದಿ ಶಾಖೆಯಾದ ಪ್ರಿಮಿಟಿವ್ ಬ್ಯಾಪ್ಟಿಸ್ಟರ ಚರ್ಚು. ಅಲ್ಲಿಗೆ ಹೋಗುವವರು ಒಂದು ಗಂಟೆಯನ್ನಾದರೂ ಇದಕ್ಕೆ ಮೀಸಲಿಡಬೇಕೆಂಬುದು ನನ್ನ ಆಗ್ರಹದ ಸಲಹೆ.

ಕಣಿವೆಯನ್ನು ಸುತ್ತುವ 11 ಮೈಲಿಯ ರಸ್ತೆ ಏಕಮುಖವಾದುದು. ಮೊದಲು, ಇಲ್ಲಿ ಬಂದು ನೆಲೆಸಿದ ಮೊದಲ ಬಿಳಿಯ ವಲಸಿಗ ಜಾನ್ ಆಲಿವರ್ ಕುಟುಂಬದ ಮರದ ದಿಮ್ಮಿಗಳ ಮನೆ ಸಿಗುತ್ತದೆ. ಅದಾದ ಮೇಲೆ ಎಡಗಡೆಗೆ ಒಳಹೋಗುವ ಸಣ್ಣ ದಾರಿಯ ಕೊನೆಯಲ್ಲಿ ಈ ಚರ್ಚಿದೆ. ತಿರುವು ತಪ್ಪಿದರೆ ಹಿಂದಕ್ಕೆ ಬರುವಂತಿಲ್ಲ. ಮುಂದೆ ಹಯಾಟ್ ಲೇನ್ ಮೂಲಕ ಕಣಿವೆಯನ್ನು ಅಡ್ಡ ದಾಟಿ, ಸ್ಪಾರ್ಕ್ಸ್ ಲೇನ್ ಹಿಡಿದು ಮತ್ತೆ ಮೊದಲಿನಿಂದ ಬರಬೇಕಾಗುತ್ತದೆ.

ಹೊರಗಿನಿಂದ ಕಾಣುವುದು ಬಿಳಿ ಬಣ್ಣ ಬಳಿದ ಹಲಗೆಗಳ ಒಂದು ಸರಳ ಕಟ್ಟಡ. ಒಳಗೆ ಕಾಲಿಟ್ಟಾಗ ಬಿಳಿ ಬಣ್ಣವೂ ಇಲ್ಲ. ಗೋಡೆ, ಚಾವಣಿ, ನೆಲ, ಬೆಂಚು ಎಲ್ಲವೂ ಮರವೇ. ಕಿಟಕಿಗಳಿಗೆ ಬಣ್ಣವಿಲ್ಲದ ಸಾದಾ ಗಾಜು. ಪ್ರತಿಮೆಯಿಲ್ಲ, ಚಿತ್ರವಿಲ್ಲ. ಬಡತನವೇ ಇದಕ್ಕೆ ಕಾರಣವೆಂದು ನಾನು ಮೊದಲು ತಿಳಿದಿದ್ದೆ. ಇತಿಹಾಸವನ್ನು ಓದಿಕೊಂಡ ಮೇಲೆ ಆ ಅಭಿಪ್ರಾಯವನ್ನು ತಿದ್ದಿಕೊಂಡೆ. ಬೈಬಲಿನಲ್ಲಿ ಹೇಳದಿರುವ ಯಾವುದನ್ನೂ ಸಭೆಯೊಳಗೆ, ಅಂದರೆ ಚರ್ಚಿನ ಭಕ್ತ ಸಮುದಾಯದೊಳಗೆ, ತರಬಾರದೆಂಬುದು ಪ್ರಿಮಿಟಿವ್ ಬ್ಯಾಪ್ಟಿಸ್ಟರ ನಿಲುವು. ಭಾನುವಾರದ ಶಾಲೆ, ಪಾನನಿರೋಧ ಸಂಘ, ಮತಪ್ರಚಾರಕ್ಕಾಗಿ ಹಣ ಕೂಡಿಸುವ ಮಂಡಳಿ ಇವೆಲ್ಲವೂ ಮನುಷ್ಯರು ಕಲ್ಪಿಸಿಕೊಂಡವೆಂದು ಅವರು ದೂರವಿಟ್ಟರು. ಆ ಹಟ ಈ ಬರಿಯ ಹಲಗೆಗಳಲ್ಲಿಯೂ ಇದೆಯೆಂದು ನನಗೆ ಅನಿಸುತ್ತದೆ. ನೀರಿನಲ್ಲಿ ಪೂರ್ತಿ ಮುಳುಗಿಸಿ ದೀಕ್ಷಾಸ್ನಾನ ಕೊಡುವ ಪದ್ಧತಿ ಅವರದಾದ್ದರಿಂದ ಅದು ನಡೆಯುತ್ತಿದ್ದುದು ಹೊಳೆಯಲ್ಲಿ.

ಜಾನ್ ಆಲಿವರ್ ಈ ಕಣಿವೆಗೆ ಬಂದದ್ದು 1818ರಲ್ಲಿ. ಇಲ್ಲಿನ ಮೂಲನಿವಾಸಿಗಳಾದ ಚೆರೋಕೀ ಜನರಿಂದ ಈ ನೆಲವನ್ನು ಬಿಡಿಸಿಕೊಂಡ ಒಪ್ಪಂದವಾದದ್ದು ಮರುವರ್ಷ, 1819ರಲ್ಲಿ. ಚರ್ಚಿನ ಅಂಗಳದಲ್ಲಿ ನಿಂತಾಗ ಇದನ್ನು ಮರೆಯಬಾರದು. 1827ರಲ್ಲಿ ಸಭೆ ಆರಂಭವಾಯಿತು, 1832ರಲ್ಲಿ ದಿಮ್ಮಿಗಳ ಕಟ್ಟಡ ಎದ್ದಿತು. ಮತಪ್ರಚಾರದ ವಿಷಯದಲ್ಲಿಯೇ ಒಡಕು ಮೂಡಿ, ಹೊರಹಾಕಲ್ಪಟ್ಟವರು 1839ರಲ್ಲಿ ಮಿಷನರಿ ಬ್ಯಾಪ್ಟಿಸ್ಟ್ ಸಭೆಯನ್ನು ಸ್ಥಾಪಿಸಿಕೊಂಡರು. ಅಮೆರಿಕದ ಅಂತರ್ಯುದ್ಧದ (1861–65) ಕಾಲದಲ್ಲಿ ಹಳೆಯ ಸಭೆ ಬಾಗಿಲು ಮುಚ್ಚಿತ್ತು. ತಾವು ಉತ್ತರದ ಒಕ್ಕೂಟ ಸರ್ಕಾರದ ಪರವಾಗಿದ್ದುದರಿಂದಲೂ ಕಣಿವೆಯಲ್ಲಿ ಅದರಿಂದ ಬೇರ್ಪಟ್ಟ ದಕ್ಷಿಣದ ಬಂಡಾಯಗಾರರ ಬಲ ಹೆಚ್ಚಾಗಿದ್ದುದರಿಂದಲೂ ಸೇರಲಾಗಲಿಲ್ಲವೆಂದು ಯುದ್ಧ ಮುಗಿದ ಮೇಲೆ ಸಭೆಯವರು ತಮ್ಮ ದಾಖಲೆಯಲ್ಲಿ ಬರೆದಿಟ್ಟರು.

ಆ ಮಾತಿನ ಸಾಕ್ಷಿ ಚರ್ಚಿನ ಸ್ಮಶಾನದಲ್ಲಿಯೇ ಇದೆ. ಆಲಿವರ್ ದಂಪತಿಯ ಸಮಾಧಿಯನ್ನು ನೋಡಿದ ಮೇಲೆ ಕಣಿವೆಯ ನಿವಾಸಿಯಾಗಿದ್ದ ರಸೆಲ್ ಗ್ರೆಗರಿಯ ಕಲ್ಲನ್ನು ಹುಡುಕಿ. ಆತ ಉತ್ತರ ಕೆರೊಲಿನಾದ ಬಂಡಾಯಗಾರರಿಂದ ಕೊಲೆಯಾದವನೆಂದು ಆ ಕಲ್ಲಿನ ಮೇಲೆಯೇ ಕೊರೆದಿದ್ದಾರೆ. ಘಟನೆ ನಡೆದದ್ದು 1864ರಲ್ಲಿ. ಸಮಾಧಿಯ ಕಲ್ಲಿನ ಮೇಲೆ ಸಮಾಧಾನದ ಮಾತನ್ನು ಓದಿ ರೂಢಿಯಾಗಿದ್ದ ನಾನು ಅಲ್ಲಿ ಆಪಾದನೆಯನ್ನು ಓದಿ ಬಹಳ ಹೊತ್ತು ಸುಮ್ಮನೆ ನಿಂತೆ. ಕಲ್ಲುಗಳನ್ನು ಮುಟ್ಟುವುದಾಗಲಿ ಅವಕ್ಕೆ ಒರಗುವುದಾಗಲಿ ಬೇಡ.

1934ರಲ್ಲಿ ಉದ್ಯಾನ ಸ್ಥಾಪನೆಯಾಗಿ, ಕಣಿವೆಯ ಜನರು ಭೂಮಿ ಬಿಟ್ಟು ಹೋಗಬೇಕಾಯಿತು. ಆಲಿವರನ ಮರಿಮಗ ಜಾನ್ ಡಬ್ಲ್ಯೂ. ಆಲಿವರ್ ನ್ಯಾಯಾಲಯದವರೆಗೆ ಹೋಗಿ ಸೋತರು. ಹಾಗಿದ್ದೂ ಈ ಸಭೆಯವರು 1960ರ ದಶಕದವರೆಗೂ ಇದೇ ಬೆಂಚುಗಳ ಮೇಲೆ ಕೂಡುತ್ತಿದ್ದರು. ಒಳಗೆ ಹೋದವರು ದಯವಿಟ್ಟು ಸ್ವಲ್ಪ ಹೊತ್ತು ಆ ಬೆಂಚಿನ ಮೇಲೆ ಮಾತಿಲ್ಲದೆ ಕುಳಿತುಕೊಳ್ಳಿ.

ಮುಂದೆ ಸಿಗುವ, ಮತ್ತೊಂದು ಕ್ರೈಸ್ತ ಪಂಥವಾದ ಮೆಥಡಿಸ್ಟರ 1902ರ ಚರ್ಚನ್ನು 115 ದಿನಗಳಲ್ಲಿ, 115 ಡಾಲರಿಗೆ ಕಟ್ಟಿದರೆಂದು ಹೇಳುತ್ತಾರೆ. ಅದರ ಎರಡು ಮುಂಬಾಗಿಲುಗಳನ್ನು ಗಮನಿಸಿ. ಮಿಷನರಿ ಬ್ಯಾಪ್ಟಿಸ್ಟರ ಈಗಿನ ಕಟ್ಟಡ 1915ರ ಸುಮಾರಿನದು.

ಉದ್ಯಾನಕ್ಕೆ ಪ್ರವೇಶ ಶುಲ್ಕವಿಲ್ಲ. ಆದರೆ 15 ನಿಮಿಷಕ್ಕಿಂತ ಹೆಚ್ಚು ಹೊತ್ತು ವಾಹನ ನಿಲ್ಲಿಸಲು 2023ರಿಂದ ಪಾರ್ಕಿಂಗ್ ಟ್ಯಾಗ್ ಕಡ್ಡಾಯವಾಗಿದೆ, ನಾವು ಒಂದು ದಿನಕ್ಕೆ 5 ಡಾಲರ್ ಕೊಟ್ಟೆವು. ಮೇ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಬುಧವಾರಗಳಂದು ಕಾರುಗಳನ್ನು ಬಿಡುವುದಿಲ್ಲ, ನಡಿಗೆ ಮತ್ತು ಸೈಕಲ್‌ಗೆ ಮಾತ್ರ ಅವಕಾಶ. ಊರಿನಿಂದ ಬಂದ ಅಪ್ಪ ಅಮ್ಮನನ್ನು ಕರೆದೊಯ್ಯುವವರು ಆ ದಿನ ಬಿಡಿ. ಶನಿವಾರ ಹನ್ನೊಂದಕ್ಕೆ ತಲುಪಿದ ನಮಗೆ ಸುತ್ತು ಮುಗಿಯಲು ನಾಲ್ಕು ಗಂಟೆ ಹಿಡಿಯಿತು. ಸೂರ್ಯೋದಯಕ್ಕೇ ಬಂದಿದ್ದರೆ ಚರ್ಚಿನಲ್ಲಿ ನಾವಷ್ಟೇ ಇರುತ್ತಿದ್ದೆವೇನೋ. ಕಣಿವೆಯಲ್ಲಿ ಪೆಟ್ರೋಲ್ ಸಿಗುವುದಿಲ್ಲ, ಮೊಬೈಲ್ ಸಂಪರ್ಕವನ್ನು ನಂಬುವಂತಿಲ್ಲ. ಟೌನ್ಸೆಂಡ್‌ನಲ್ಲಿಯೇ ಇಂಧನ ತುಂಬಿಸಿ, ನಕ್ಷೆಯನ್ನು ಇಳಿಸಿಟ್ಟುಕೊಂಡು, ಬುತ್ತಿ ಕಟ್ಟಿಕೊಂಡು ಹೋಗಿ. ಸುತ್ತು ರಸ್ತೆಯ ಆರಂಭದಲ್ಲಿಯೇ ಶೌಚಾಲಯಕ್ಕೆ ಹೋಗಿಬನ್ನಿ. ಮುಂದಿನದು ಅರ್ಧ ದಾರಿಯಲ್ಲಿ, ಕೇಬಲ್ ಮಿಲ್ ಎಂಬ ಹಳೆಯ ನೀರಿನ ಗಿರಣಿಯ ಬಳಿ ಸಿಗುತ್ತದೆ.