ಕರಿ ಒಂದರಲ್ಲಿ ಹಾಡಿದ ಸಂಜೆ

ನಮ್ಮ ಕನ್ನಡ ಸರ್ ತೀರಿಕೊಂಡ ಸುದ್ದಿ ಬ್ಯಾಚಿನ ವಾಟ್ಸಾಪ್ ಗುಂಪಿಗೆ ಬಂದಾಗ ಅವರ ಪಾಠದ ಬಗ್ಗೆ ಯಾರೂ ಒಂದು ಸಾಲು ಬರೆಯಲಿಲ್ಲ. ಪಠ್ಯದಲ್ಲಿ ಏನಿತ್ತೋ ಯಾರಿಗೆ ನೆನಪು! ಎಲ್ಲರೂ ಬರೆದದ್ದು ಅವರ ಏಕತಾರಿಯ ಬಗ್ಗೆ, ಬುರುಡೆಗೆ ಒಂದೇ ತಂತಿ ಕಟ್ಟಿದ ಆ ಶ್ರುತಿವಾದ್ಯದ ಬಗ್ಗೆ.

2008ರಲ್ಲಿ ಮೈಸೂರಿನ ರಘು ದೀಕ್ಷಿತ್ ಅವರ ಮೊದಲ ಆಲ್ಬಮ್ ಬಂದಿತ್ತು. ಶಿಶುನಾಳ ಷರೀಫರ ‘ಗುಡುಗುಡಿಯ ಸೇದಿ ನೋಡೋ’ ಗಿಟಾರು, ಡ್ರಮ್ಸಿನ ಜೊತೆ ಕೇಳಿದ ಮೇಲೆ ಹಾಸ್ಟೆಲ್ ಹುಡುಗರಿಗೆ ಕಾಲೇಜಿನ ಗ್ಯಾದರಿಂಗಿನಲ್ಲಿ ಅದೇ ಬೇಕಾಯಿತು. ಭಜನಾ ಮೇಳದಲ್ಲಿ ತತ್ವಪದ ಹಾಡಿ ಬೆಳೆದ ಸರ್ ಬೇಡ ಅನ್ನಲಿಲ್ಲ. “ಗಿಟಾರ್ ಇರಲಿ. ಆದರ ಶ್ರುತಿ ಏಕತಾರಿದು” ಅಂದರು.

ಏಕತಾರಿಯನ್ನು ಬಿಳಿ ಎರಡಕ್ಕೆ, ಅಂದರೆ ಹಾರ್ಮೋನಿಯಂನ ಎರಡನೇ ಬಿಳಿ ಮನೆಯ ಶ್ರುತಿಗೆ, ಕೂಡಿಸುತ್ತಿದ್ದರು. ಗಿಟಾರಿನವನು ಎರಡನೇ ಫ್ರೆಟ್ಟಿಗೆ ಕ್ಯಾಪೊ (ಎಲ್ಲ ತಂತಿಗಳನ್ನೂ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್ಪು) ಹಾಕಿ ‘ಸಿ’ ಕಾರ್ಡ್ ಹಿಡಿದರೆ ಶ್ರುತಿ ಸರಿ, ಆದರೂ ಹಾಡು ಕಚ್ಚುತ್ತಿತ್ತು. ತಪ್ಪು ಗಾಂಧಾರದ್ದು, ಅಂದರೆ ಸ-ರಿ-ಗ ಎಂಬಲ್ಲಿನ ‘ಗ’ದ್ದು. ಸರ್ ಹಾಡುವಾಗ ಅವರ ಗಾಂಧಾರ ಕೋಮಲಕ್ಕೂ ಶುದ್ಧಕ್ಕೂ ನಡುವೆ ಜಾರುತ್ತಿತ್ತು. ಕಾರ್ಡಿನಲ್ಲಿರುವ ಗಾಂಧಾರವೋ ಗೂಟ ಹೊಡೆದಂತೆ ಶುದ್ಧದಲ್ಲೇ ನಿಲ್ಲುತ್ತದೆ. ಸರ್ ಆ ಸ್ವರವನ್ನೇ ತೆಗೆಸಿದರು. ಆರು, ನಾಲ್ಕು, ಒಂದನೇ ತಂತಿಗಳ ಬಾಯಿ ಮುಚ್ಚಿಸಿ ಐದು, ಮೂರು, ಎರಡನೇ ತಂತಿಯನ್ನಷ್ಟೇ ಮೀಟಿದರೆ ಉಳಿಯುವುದು ಸಾ-ಪಾ-ಸಾ. ಅದರ ಮೇಲೆ ದನಿ ಎತ್ತ ಬೇಕಾದರೂ ಜಾರಬಹುದು.

ಚರ್ಮ ಬಿಗಿದ ಪುಟ್ಟ ಬಳೆಯಾಕಾರದ ವಾದ್ಯ ದಮ್ಮಡಿಯದು ಬೇರೆ ಗೋಳು. ಮಳೆಗಾಲದ ತೇವಕ್ಕೆ ಚರ್ಮ ಸಡಿಲಾಗಿ ದನಿ ಬಡ್ಡಾಗುತ್ತದೆ. ಕಾಗದದ ಬೆಂಕಿಗೆ ಗೇಣುದ್ದ ದೂರ ಹಿಡಿದು, ಸುತ್ತ ತಿರುಗಿಸುತ್ತ ಕಾಯಿಸಬೇಕು. ಒಂದೇ ಕಡೆ ಹಿಡಿದರೆ ಬಿರಿಯುತ್ತದೆ. ಹಾಡು ಶುರುವಾಗುವ ತುಸು ಮುಂಚೆ ಕಾಯಿಸಿದರಷ್ಟೇ ಉಪಯೋಗ, ಆರಿದರೆ ಮತ್ತೆ ಮೊದಲಿನಂತೆ. ಏಕತಾರಿಯನ್ನು ಮಾನಿಟರ್ ಸ್ಪೀಕರಿನ (ಹಾಡುವವರಿಗೇ ಕೇಳಲೆಂದು ವೇದಿಕೆಯ ಮೇಲಿಡುವ ಸ್ಪೀಕರಿನ) ಎದುರು ಹಿಡಿಯಬಾರದು ಎಂಬುದು ತಿಳಿದದ್ದು ಮೊದಲ ರಿಹರ್ಸಲ್ಲಿನಲ್ಲಿ. ಬುರುಡೆ ಟೊಳ್ಳು, ಸ್ಪೀಕರಿನ ಸದ್ದನ್ನು ಮತ್ತೆ ಮೈಕಿಗೇ ಕೊಟ್ಟು ಹಾಲ್ ತುಂಬ ಗುಂಯ್ ಎನಿಸಿತು.

ಈಗ ಕಾಲೇಜಿನ ಕಾರ್ಯಕ್ರಮಗಳಲ್ಲಿ ಪೆನ್‌ಡ್ರೈವಿನ ಟ್ರ್ಯಾಕ್ ಹಾಕಿ ಹಾಡುತ್ತಾರೆ. ಟ್ಯೂನರ್ ಮೊಬೈಲಿನಲ್ಲೇ ಇದೆ, ಹಸಿರು ದೀಪ ಹತ್ತಿದರೆ ಮುಗಿಯಿತು. ನಮ್ಮ ಬ್ಯಾಚಿನವರ ಕಿವಿ ಅದಕ್ಕಿಂತ ಚುರುಕಾಗಿತ್ತು ಅಂತ ಹೇಳಿಕೊಳ್ಳಲು ನನಗೇನೂ ಸಂಕೋಚವಿಲ್ಲ.

ಆ ಚುರುಕು ಕಿವಿಯೇ ಕಿತಾಪತಿಗೂ ಕಾರಣ. ಗ್ಯಾದರಿಂಗಿನ ಸಂಜೆ ಹಾರ್ಮೋನಿಯಂ ಹುಡುಗ ಪರದೆಯ ಹಿಂದೆ ಏಕತಾರಿಯ ಬಿರಡೆ ತಿರುವಿ, ಕರೆಕ್ಟಾಗಿ ಅರ್ಧ ಸ್ವರ ಇಳಿಸಿಟ್ಟ. ಸರ್ ವೇದಿಕೆಯಲ್ಲಿ ತಡವರಿಸಲಿ, ನೋಡೋಣ ಎಂಬ ಆಸೆ. ಸರ್ ಬಂದು ಕುಳಿತರು, ಒಮ್ಮೆ ಮೀಟಿದರು. ಬಿರಡೆ ಮುಟ್ಟಲಿಲ್ಲ. ಗಿಟಾರಿನವನ ಕಡೆ ತಿರುಗಿ, “ಒಂದು ಫ್ರೆಟ್ ಹಿಂದಕ್ಕ ಸರಿಸಪಾ, ಇವತ್ತು ಕರಿ ಒಂದು” ಅಂದರು. ಕರಿ ಒಂದು ಎಂದರೆ ಮೊದಲ ಕರಿ ಮನೆ, ಬಿಳಿ ಎರಡಕ್ಕಿಂತ ಅರ್ಧ ಸ್ವರ ಕೆಳಗೆ. ಕ್ಯಾಪೊ ಸರಿಯಲು ಐದು ಸೆಕೆಂಡೂ ಹಿಡಿಯಲಿಲ್ಲ. ಆದರೆ ಹಾರ್ಮೋನಿಯಂಗೆ ಕ್ಯಾಪೊ ಎಲ್ಲಿಂದ ಬರಬೇಕು? ಬಿಳಿ ಎರಡರಲ್ಲಿ ತಿಂಗಳು ಪೂರ್ತಿ ತಿದ್ದಿದ ಬೆರಳುಗಳು ಕರಿ ಮನೆಗಳ ನಡುವೆ ಎಡವಿದವು. ಮೊದಲ ಚರಣ ಮುಗಿಯುವಷ್ಟರಲ್ಲಿ ಹುಡುಗ ಬೆರಳೆತ್ತಿ ಬರೀ ಗಾಳಿಯ ತಿದಿ ಒತ್ತುತ್ತ ಕುಳಿತಿದ್ದ.

ಸರ್ ಅವನತ್ತ ನೋಡಲೂ ಇಲ್ಲ. ಮುಂದಿನ ಎರಡು ಪದಗಳನ್ನೂ, ಕೊನೆಗೆ ಮಂಗಳವನ್ನೂ ಕರಿ ಒಂದರಲ್ಲೇ ಹಾಡಿದರು.