ಮೊದಲ ಫ್ರೀ ಥ್ರೋ ಎಡಗೈಯಲ್ಲೇ ಏಕೆ?

"ಎಂಥ ಸಾರ್, ನಿಮ್ಮ ಹುಡುಗರು ಮೊದಲ ಫ್ರೀ ಥ್ರೋವನ್ನು ಎಡಗೈಯಲ್ಲಿ ಎಸೆಯುವುದು?" ದಕ್ಷಿಣ ಕೊಡಗಿನ ಒಂದು ಕಾಲೇಜಿನಲ್ಲಿ ಬ್ಯಾಸ್ಕೆಟ್‌ಬಾಲ್ ಕಲಿಸುತ್ತ ಬಂದ ಇಷ್ಟು ವರ್ಷಗಳಲ್ಲಿ ನನ್ನನ್ನು ಎದುರಾಳಿ ತಂಡದ ಕೋಚ್‌ಗಳು, ರೆಫರಿಗಳು, ಮಕ್ಕಳ ತಂದೆತಾಯಂದಿರು ಎಲ್ಲರೂ ಕೇಳಿರುವ ಪ್ರಶ್ನೆ ಇದು. ಎದುರಾಳಿ ಫೌಲ್ ಮಾಡಿದಾಗ ಸಿಗುವ ಈ ಎಸೆತ ಬುಟ್ಟಿಗೆ ಬಿದ್ದರೆ ಒಂದು ಅಂಕ; ಅದು ಸುಮ್ಮನೆ ಹೋಯಿತಲ್ಲ ಎಂಬ ಸಂಕಟ ಕೆಲವರಿಗೆ. ಒಬ್ಬ ಹುಡುಗನ ಅಜ್ಜಿಯಂತೂ ಎಡಗೈಯಲ್ಲಿ ಯಾವುದನ್ನೂ ಶುರು ಮಾಡಬಾರದೆಂದು ನನಗೇ ಬುದ್ಧಿ ಹೇಳಿ ಹೋದರು. ಮೈದಾನದ ಬದಿಯಲ್ಲಿ ನಿಂತು ಎರಡು ಮಾತಿನಲ್ಲಿ ಹೇಳಿ ಮುಗಿಸುವ ವಿಷಯವಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಆ ಎಸೆತ ಹ್ಯಾಂಕ್ ಗ್ಯಾದರ್ಸ್ ಎಂಬ ಅಮೆರಿಕದ ಕಾಲೇಜು ಆಟಗಾರನ ನೆನಪಿಗೆ. ಆತ 1990ರ ಮಾರ್ಚ್ 4ರಂದು, 23ನೆಯ ವಯಸ್ಸಿನಲ್ಲಿ ತೀರಿಕೊಂಡ.

ಗ್ಯಾದರ್ಸ್ ಫಿಲಡೆಲ್ಫಿಯಾ ನಗರದವನು. ಅವನೂ ಅವನ ಗೆಳೆಯ ಬೋ ಕಿಂಬಲ್ ಕೂಡ ಒಂದೇ ಹೈಸ್ಕೂಲಿನ ತಂಡದಲ್ಲಿ ಆಡಿ, ಲಾಸ್ ಏಂಜಲೀಸಿನ ಒಂದು ದೊಡ್ಡ ವಿಶ್ವವಿದ್ಯಾಲಯಕ್ಕೆ ಒಟ್ಟಿಗೆ ಸೇರಿ, ಅಲ್ಲಿಂದ ಅದೇ ನಗರದ ಲೊಯೊಲಾ ಮೇರಿಮೌಂಟ್ ಎಂಬ ಚಿಕ್ಕ ವಿಶ್ವವಿದ್ಯಾಲಯಕ್ಕೆ ಒಟ್ಟಿಗೇ ಬಂದವರು. ಅಲ್ಲಿನ ಕೋಚ್ ಪಾಲ್ ವೆಸ್ಟ್‌ಹೆಡ್ ಅವರ ಪದ್ಧತಿ ವಿಚಿತ್ರವಾಗಿತ್ತು: ಚೆಂಡು ಸಿಕ್ಕಿದ ಕೆಲವೇ ಸೆಕೆಂಡುಗಳಲ್ಲಿ ಬುಟ್ಟಿಗೆ ಎಸೆಯಬೇಕು, ಎದುರಾಳಿಯನ್ನು ಇಡೀ ಅಂಕಣದ ಉದ್ದಕ್ಕೂ ಬೆನ್ನಟ್ಟಬೇಕು, ಉಸಿರಾಡಲು ಬಿಡಬಾರದು. 1989-90ರಲ್ಲಿ ಆ ತಂಡ ಪಂದ್ಯವೊಂದಕ್ಕೆ ಸರಾಸರಿ 122.4 ಅಂಕ ಗಳಿಸಿತು. ಅದರ ಹಿಂದಿನ ವರ್ಷ ಗ್ಯಾದರ್ಸ್ ಪಂದ್ಯಕ್ಕೆ 32.7 ಅಂಕ, 13.7 ರೀಬೌಂಡ್ (ಗುರಿ ತಪ್ಪಿ ಪುಟಿದ ಚೆಂಡನ್ನು ಹಿಡಿಯುವುದು) ಪಡೆದು ಎರಡರಲ್ಲೂ ದೇಶಕ್ಕೇ ಮೊದಲಿಗನಾಗಿದ್ದ. ಅಂಕ ಗಳಿಸುವವರು ಬಹಳ ಮಂದಿ ಸಿಗುತ್ತಾರೆ. ಬೇರೆಯವರು ತಪ್ಪಿಸಿದ ಚೆಂಡಿಗಾಗಿ ಪ್ರತಿ ಸಲವೂ ಹಾರುವವರು ವಿರಳ. ಎರಡನ್ನೂ ಒಬ್ಬನೇ ಮಾಡಬೇಕಾದರೆ ದೇಹ ಎಷ್ಟು ದುಡಿಯಬೇಕೆಂಬುದು ಆಡಿದವರಿಗೆ ಗೊತ್ತು.

ಇಂಥವನಿಗೆ ಆಟದಲ್ಲಿ ಅತ್ಯಂತ ಸುಲಭವಾದ ಎಸೆತವೇ ಕೈಗೆ ಹತ್ತುತ್ತಿರಲಿಲ್ಲ. ಫ್ರೀ ಥ್ರೋ ಎಂದರೆ ಸುಮಾರು 4.6 ಮೀಟರ್ ದೂರದಿಂದ, ಯಾರೂ ಅಡ್ಡ ಬರದೆ, ನಿಂತಲ್ಲೇ ನಿಂತು ಎಸೆಯುವುದು. ಬಲಗೈಯ ಆಟಗಾರನಾದ ಗ್ಯಾದರ್ಸ್ ಅದನ್ನು ಎಷ್ಟು ಸಲ ತಪ್ಪಿಸುತ್ತಿದ್ದನೆಂದರೆ, ಬೇಸತ್ತು ಕೊನೆಗೆ ಎಡಗೈಯಲ್ಲಿ ಎಸೆಯಲು ಶುರುಮಾಡಿದ. ಸಾವಿರಾರು ಪ್ರೇಕ್ಷಕರ ಮುಂದೆ ತನ್ನ ಕೊರತೆಯನ್ನು ಹೀಗೆ ಬಯಲಿಗಿಟ್ಟು ಮೊದಲಿನಿಂದ ಕಲಿಯಲು ಹೊರಟ ಆ ಹುಡುಗ ನನಗೆ ಅವನ ಅಂಕಪಟ್ಟಿಗಿಂತ ಹೆಚ್ಚು ಇಷ್ಟ.

1989ರ ಡಿಸೆಂಬರ್ 9ರಂದು ಅದೇ ಫ್ರೀ ಥ್ರೋ ಗೆರೆಯ ಬಳಿ ಆತ ಕುಸಿದು ಬಿದ್ದ. ತಪಾಸಣೆಯಲ್ಲಿ ಹೃದಯದ ಬಡಿತ ತಾಳ ತಪ್ಪುತ್ತಿದೆಯೆಂದು ತಿಳಿದು, ಬಡಿತವನ್ನು ಹತೋಟಿಯಲ್ಲಿಡುವ ಮಾತ್ರೆ ಕೊಟ್ಟರು. ಮಾತ್ರೆಯಿಂದ ಮೈ ಭಾರವಾಗಿ ಮೊದಲಿನಂತೆ ಆಡಲಾಗುತ್ತಿಲ್ಲವೆಂದು ಅವನಿಗೆ ಅನ್ನಿಸಿತು. ಬರಬರುತ್ತ ಪ್ರಮಾಣ ಇಳಿಯಿತು. ಮಾರ್ಚ್ 4ರಂದು ಪ್ರಾದೇಶಿಕ ಟೂರ್ನಿಯೊಂದರ ಪಂದ್ಯದಲ್ಲಿ ಗೆಳೆಯನೊಬ್ಬ ಗಾಳಿಯಲ್ಲಿ ಎತ್ತಿ ಕೊಟ್ಟ ಚೆಂಡನ್ನು ಹಾರಿ ಹಿಡಿದು ರಿಂಗಿನೊಳಗೆ ಬಡಿದ, ಹಿಂದಿರುಗಿ ಅಂಕಣದ ನಡುವಿನವರೆಗೆ ಬಂದ, ಬಿದ್ದ. ಎದ್ದು ಕೂರಲು ಒಮ್ಮೆ ಪ್ರಯತ್ನಿಸಿದ. ಹೃದಯದ ಸ್ನಾಯುವಿಗೇ ರೋಗ ತಗುಲಿತ್ತೆಂದು ಮರಣೋತ್ತರ ಪರೀಕ್ಷೆ ಹೇಳಿತು. ಕುಟುಂಬದವರು ಕೋರ್ಟ್ ಮೆಟ್ಟಿಲೇರಿದರು. ಆ ವ್ಯಾಜ್ಯದ ಸರಿತಪ್ಪು ಇಷ್ಟು ದೂರದಿಂದ ತೂಗುವ ಯೋಗ್ಯತೆ ನನಗಿಲ್ಲ.

ಆ ಟೂರ್ನಿಯನ್ನು ಅಲ್ಲಿಗೇ ನಿಲ್ಲಿಸಿದರು. ಕೆಲವೇ ದಿನಗಳಲ್ಲಿ ರಾಷ್ಟ್ರೀಯ ಟೂರ್ನಿ ಶುರುವಾಯಿತು, ತಂಡ ಹೋಯಿತು. ಮೊದಲ ಪಂದ್ಯದಲ್ಲಿ ತನಗೆ ಫ್ರೀ ಥ್ರೋ ಸಿಕ್ಕಾಗ ಕಿಂಬಲ್ ಗೆರೆಯ ಮೇಲೆ ನಿಂತು ಚೆಂಡನ್ನು ಎಡಗೈಗೆ ಬದಲಿಸಿಕೊಂಡ. ಅವನೂ ಬಲಗೈಯವನೇ. ಚೆಂಡು ಬುಟ್ಟಿಗೆ ಬಿತ್ತು. ಮುಂದಿನ ಪಂದ್ಯಗಳಲ್ಲೂ ತನ್ನ ಮೊದಲ ಫ್ರೀ ಥ್ರೋವನ್ನು ಆತ ಹಾಗೆಯೇ ಎಸೆದ. ಹಿಂದಿನ ವರ್ಷದ ಚಾಂಪಿಯನ್ ಮಿಶಿಗನ್ ತಂಡವನ್ನು 149-115ರಿಂದ ಸೋಲಿಸಿ, ಅಲಬಾಮಾವನ್ನು ದಾಟಿ, ಕೊನೆಗೆ ಆ ವರ್ಷದ ಚಾಂಪಿಯನ್ ಆದ ನೆವಾಡಾ-ಲಾಸ್ ವೇಗಾಸ್ ತಂಡಕ್ಕೆ ಅವರು ಸೋತರು. ಗೆಳೆಯನನ್ನು ನೆನೆಯಲು ಚೆಂಡನ್ನು ರಿಂಗಿನೊಳಗೆ ಬಡಿಯುವ ಅವನ ಭರ್ಜರಿ ಡಂಕ್‌ಗಳಲ್ಲಿ ಒಂದನ್ನು ಆರಿಸಿಕೊಳ್ಳಬಹುದಾಗಿದ್ದ ಕಿಂಬಲ್, ಅವನಿಗೆ ಬಾರದೇ ಇದ್ದ ಎಸೆತವನ್ನು ಆರಿಸಿಕೊಂಡ.

ಈ ದೃಶ್ಯವನ್ನು ನಾನು ನೋಡಿದ್ದು ಬಹಳ ವರ್ಷಗಳ ನಂತರ, ಕಂಪ್ಯೂಟರಿನಲ್ಲಿ. ಮರುದಿನ ಹುಡುಗರಿಗೆ ತೋರಿಸಿದೆ. ನಮ್ಮದು ಹಾಕಿಯ ನಾಡು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ ಶುರುಮಾಡಿದ ಕುಟುಂಬಗಳ ಹಾಕಿ ಉತ್ಸವಕ್ಕೆ ಸೇರುವ ಜನಕ್ಕೂ ನಮ್ಮ ಪಂದ್ಯಕ್ಕೆ ಬಂದು ಕೂರುವ ಹದಿನೈದಿಪ್ಪತ್ತು ಮಂದಿಗೂ ಹೋಲಿಕೆಯೇ ಇಲ್ಲ. ಮಳೆಗಾಲದ ನಾಲ್ಕು ತಿಂಗಳು ಕಾಂಕ್ರೀಟಿನ ಅಂಕಣಕ್ಕೆ ಪಾಚಿ ಕಟ್ಟುತ್ತದೆ, ಬ್ಲೀಚಿಂಗ್ ಪೌಡರ್ ಎರಚಿ ಕಡ್ಡಿ ಪೊರಕೆಯಲ್ಲಿ ಉಜ್ಜಿದ ಮೇಲೆಯೇ ಆಟ. ಅಂಥದ್ದೊಂದು ಬೆಳಗ್ಗೆ ಪೊರಕೆ ಹಿಡಿದು ನಿಂತಿದ್ದ ಹುಡುಗನೊಬ್ಬ ಹೇಳಿದ: "ಹಾಗಾದರೆ ಇದು ಮೀದಿ ಇಟ್ಟ ಹಾಗೆ ಅಲ್ವಾ ಸಾರ್?" ಹಬ್ಬದ ಅಡುಗೆಯಾದಾಗ ತಾವು ಉಣ್ಣುವ ಮೊದಲು ಹಿರಿಯರಿಗೆ ಎಡೆ ಇಡುವುದನ್ನು ಕೊಡವರು ಮೀದಿ ಎನ್ನುತ್ತಾರೆ. ಮೊದಲ ಪಾಲು ಹೋದವರಿಗೆ. ನಾನು ಅಪ್ಪಣೆ ಕೊಡಬೇಕಾಗಿ ಬರಲಿಲ್ಲ. ಮುಂದಿನ ಪಂದ್ಯದಿಂದ ಹುಡುಗರೇ ಶುರುಮಾಡಿದರು.

ಇಷ್ಟಕ್ಕೇ ನಿಲ್ಲಿಸಿದರೆ ಅರ್ಧ ಉತ್ತರ ಕೊಟ್ಟಂತಾಗುತ್ತದೆ. ಕೆಲವು ವರ್ಷಗಳ ಹಿಂದೆ ನಮ್ಮ ತಂಡದಲ್ಲಿ ಕಾಫಿ ತೋಟದ ಲೈನ್ ಮನೆಯಿಂದ ಬರುತ್ತಿದ್ದ ಒಬ್ಬನಿದ್ದ. ಮಾತು ಕಡಿಮೆ, ಕಾಲು ಹಗುರ. ಒಂದು ದಿನ ಓಟದ ಅಭ್ಯಾಸ ಮುಗಿದ ಮೇಲೆ ಫ್ರೀ ಥ್ರೋ ಗೆರೆಯ ಹತ್ತಿರ ಮಂಡಿಗೆ ಕೈಯೂರಿ ಬಗ್ಗಿದವನು ಹಾಗೆಯೇ ನೆಲಕ್ಕೆ ಕುಳಿತುಬಿಟ್ಟ. ತುಟಿಯ ಸುತ್ತ ಬೂದಿ ಬಣ್ಣ. "ತಲೆ ತಿರುಗ್ತದೆ ಸಾರ್" ಎಂದ. ಬೆಳಗ್ಗೆ ತಿಂಡಿ ತಿನ್ನದೆ ಬಂದರೆ ಹೀಗೇ ಆಗುವುದೆಂದು ಗದರಿಸಿ, ಕ್ಯಾಂಟೀನಿನಿಂದ ಬಾಳೆಹಣ್ಣು ತರಿಸಿಕೊಟ್ಟೆ. ಎರಡು ವಾರದ ನಂತರ ಮತ್ತೆ ಹಾಗೆಯೇ ಆಯಿತು, ನಾನೂ ಮತ್ತೆ ಹಾಗೆಯೇ ಹೇಳಿದೆ. ಆಗ ನಾನು ಗ್ಯಾದರ್ಸ್ ಕಥೆಯನ್ನು ಹುಡುಗರಿಗೆ ಹೇಳಿ ಎರಡು ವರ್ಷವಾಗಿತ್ತು. ಡಿಸೆಂಬರ್ 9ರ ದಿನಾಂಕ ಬಾಯಿಪಾಠವಾಗಿತ್ತು. ಆದರೂ ನನಗೆ ಹೊಳೆಯಲಿಲ್ಲ.

ಹೊಳೆದದ್ದು ತಂಡದ ಇನ್ನೊಬ್ಬ ಹುಡುಗನ ತಾಯಿಗೆ. ಅವರು ನರ್ಸ್. ಮಗನನ್ನು ಕರೆದೊಯ್ಯಲು ಬಂದವರು, ಆ ಹುಡುಗನ ಮನೆಯಲ್ಲಿ ಚಿಕ್ಕ ವಯಸ್ಸಿನಲ್ಲಿ ಯಾರಾದರೂ ಇದ್ದಕ್ಕಿದ್ದಂತೆ ತೀರಿಹೋದದ್ದುಂಟೇ ಎಂದು ಅವನನ್ನೇ ಕೇಳಿದರು. ಚಿಕ್ಕಪ್ಪ ತೋಟದಲ್ಲಿ ಮೂಟೆ ಹೊರುವಾಗ ಬಿದ್ದು ಹೋದರು, ದೃಷ್ಟಿ ತಾಗಿದ್ದೆಂದು ಮನೆಯಲ್ಲಿ ಹೇಳುತ್ತಾರೆ ಎಂದ. ಆ ವಾರವೇ ಅವನನ್ನು ಮೈಸೂರಿಗೆ ಕಳುಹಿಸಿ ಎಕೋ (ಹೃದಯದ ಸ್ಕ್ಯಾನ್) ಮಾಡಿಸಿದೆವು. ಹೃದಯದ ಗೋಡೆ ದಪ್ಪಗಾಗಿತ್ತು. ಹೈಪರ್‌ಟ್ರೋಫಿಕ್ ಕಾರ್ಡಿಯೋಮಯೋಪಥಿ ಎಂಬ ಈ ತೊಂದರೆ ಸುಮಾರು 500 ಜನರಲ್ಲಿ ಒಬ್ಬರಿಗೆ ಇರುತ್ತದೆ. ಹೆಚ್ಚಿನ ಪಾಲು ವಂಶದಲ್ಲಿ ಹರಿದು ಬರುತ್ತದೆ, ಹಲವರಿಗೆ ಯಾವ ಲಕ್ಷಣವನ್ನೂ ತೋರಿಸುವುದಿಲ್ಲ. ಆದರೆ ಓಡುವಾಗ ಅಥವಾ ಓಡಿ ನಿಂತಾಗ ತಲೆ ತಿರುಗಿ ಬೀಳುವುದು ಅದರ ಎಚ್ಚರಿಕೆಯಾಗಿರಬಹುದು. ಅವನಿಗೆ ಆಟ ಬಿಡಬೇಕೆಂದರು. ಆ ಮಾತನ್ನು ನನ್ನ ಬಾಯಿಂದ ಕೇಳಿದವನು ಒಂದಿಡೀ ವರ್ಷ ನನ್ನ ಜೊತೆ ಮಾತು ಬಿಟ್ಟ.

ಹೃದಯ ನಿಂತ ಮೇಲೆ ಎದೆ ಒತ್ತದೆ, ವಿದ್ಯುತ್ ಆಘಾತ ಕೊಟ್ಟು ಬಡಿತ ಮರಳಿಸುವ ಡಿಫಿಬ್ರಿಲೇಟರ್ ಹಚ್ಚದೆ ಕಳೆಯುವ ಒಂದೊಂದು ನಿಮಿಷಕ್ಕೂ ಬದುಕುವ ಸಾಧ್ಯತೆ ಶೇ. 7ರಿಂದ 10ರಷ್ಟು ಇಳಿಯುತ್ತದೆ. 2021ರಲ್ಲಿ ಕೋಪನ್‌ಹೇಗನ್‌ನ ಮೈದಾನದಲ್ಲಿ ಕುಸಿದ ಫುಟ್ಬಾಲಿಗ ಕ್ರಿಶ್ಚಿಯನ್ ಎರಿಕ್ಸನ್‌ಗೆ ಅವೆರಡೂ ಕೂಡಲೇ ದೊರೆತವು, ಆತ ಬದುಕಿ ಮತ್ತೆ ಆಡಿದ. 2004ರಲ್ಲಿ ಬೆಂಗಳೂರಿನ ಕಂಠೀರವ ಕ್ರೀಡಾಂಗಣದಲ್ಲಿ ಫೆಡರೇಷನ್ ಕಪ್ ಫೈನಲ್ ಆಡುತ್ತಿದ್ದ ಡೆಂಪೊ ತಂಡದ ಕ್ರಿಸ್ಟಿಯಾನೊ ಜೂನಿಯರ್ ಗೋಲು ಹೊಡೆಯುವಾಗ ಗೋಲ್‌ಕೀಪರ್‌ಗೆ ತಾಗಿ ಬಿದ್ದವನು ಏಳಲಿಲ್ಲ. ದೊಡ್ಡ ಆಸ್ಪತ್ರೆಗೆಂದು ಹೋಗುವ ಮೈಸೂರು ಮಡಿಕೇರಿಯಿಂದ ಸುಮಾರು 120 ಕಿಲೋಮೀಟರ್. ಆ ಲೆಕ್ಕ ಹಾಕಿದರೆ ನಮ್ಮ ಅಂಕಣದಲ್ಲಿ ಬಿದ್ದವನಿಗೆ ಮೊದಲು ಒದಗುವುದು ಪಕ್ಕದಲ್ಲಿರುವ ಸಹಆಟಗಾರನ ಎರಡು ಕೈಗಳೇ. ಆದ್ದರಿಂದ ಪ್ರತಿ ವರ್ಷ ಜೂನ್‌ನಲ್ಲಿ, ಹೊರಗೆ ಮಳೆ ಹೊಯ್ಯುವಾಗ, ಆ ನರ್ಸ್ ತಾಯಿ ಬಂದು ಎಲ್ಲರಿಗೂ ಎದೆ ಒತ್ತುವುದನ್ನು ಕಲಿಸುತ್ತಾರೆ. ಫ್ರೀ ಥ್ರೋಗೆ ಆಟ ನಿಂತಾಗಲೆಲ್ಲ ಪ್ರೇಕ್ಷಕರು ರಿಂಗ್ ನೋಡುತ್ತಿರುತ್ತಾರೆ, ನಾನು ಒಬ್ಬೊಬ್ಬರ ಮುಖ ನೋಡುತ್ತೇನೆ: ಯಾರು ಮಂಡಿಗೆ ಕೈ ಕೊಟ್ಟಿದ್ದಾರೆ, ಯಾರ ತುಟಿ ಬಣ್ಣಗೆಟ್ಟಿದೆ.

ಮಾತು ಬಿಟ್ಟಿದ್ದವನು ಈಗ ವಿರಾಜಪೇಟೆಯಲ್ಲಿ ಕೆಲಸಕ್ಕಿದ್ದಾನೆ. ಪಂದ್ಯವಿದ್ದ ದಿನ ರಜೆ ಹಾಕಿ ಬಂದು ಸ್ಕೋರ್ ಶೀಟ್ ಬರೆಯುತ್ತಾನೆ. ಶೀಟಿನ ಅಂಕಗಳ ಸಾಲಿನಲ್ಲಿ ಬುಟ್ಟಿಗೆ ಬಿದ್ದ ಫ್ರೀ ಥ್ರೋಗೆ ತುಂಬಿದ ವೃತ್ತವೊಂದನ್ನು ಹಾಕುತ್ತಾರೆ, ತಪ್ಪಿದ್ದಕ್ಕೆ ಆ ಸಾಲಿನಲ್ಲಿ ಗುರುತಿಲ್ಲ. ನಮ್ಮ ಎಡಗೈ ಎಸೆತಗಳು ಹೆಚ್ಚಾಗಿ ತಪ್ಪುತ್ತವೆ. ಕಳೆದ ಸಾಲಿನ ಶೀಟುಗಳನ್ನು ಮೊನ್ನೆ ತಿರುವುತ್ತಿದ್ದಾಗ, ಪ್ರತಿಯೊಂದರ ಅಂಚಿನಲ್ಲೂ ಪೆನ್ಸಿಲಿನ ಒಂದು ಸಣ್ಣ ಚುಕ್ಕೆ ಕಂಡಿತು.