ಕಾರೈ ಜೇಡಿನೆಲದಲ್ಲಿ ಚಳ್ಳಕೆರೆ ಹುಡುಗ

ಫೆಬ್ರವರಿ 9, 2024, ಶುಕ್ರವಾರ
ಪೆರಂಬಲೂರು, ತಮಿಳುನಾಡು

ಫೀಲ್ಡ್ ಟ್ರಿಪ್‌ಗೆ ಕರೆತಂದ ಕಾಲೇಜು ಹುಡುಗರು ಇನ್ನೂ ಮಲಗಿಲ್ಲ. ಪಕ್ಕದ ರೂಮಿನಿಂದ ನಗು ಕೇಳಿಸುತ್ತಿದೆ. ಬಿಸಿಲಲ್ಲಿ ಅಷ್ಟು ಅಲೆದ ಮೇಲೂ ನಗುವಷ್ಟು ಶಕ್ತಿ ಉಳಿದಿದೆಯಲ್ಲ, ಸಂತೋಷ. ನನಗೆ ಮಂಡಿ ನೋವು, ನಿದ್ದೆ ಬರುತ್ತಿಲ್ಲ. ಚಳ್ಳಕೆರೆ ಹುಡುಗ ಕೇಳಿದ್ದೇ ತಲೆಯಲ್ಲಿ ಸುತ್ತುತ್ತಿದೆ.

ಇವತ್ತು ಕಾರೈಗೆ ಹೋಗಿದ್ದೆವು. ಮಳೆನೀರು ಕೊರೆದು ಕೊರೆದು ಮಾಡಿದ ಕೊರಕಲುಗಳು, ಕಂದು ಮತ್ತು ಹಸಿರು ಬೂದು ಬಣ್ಣದ ಜೇಡಿ, ನಡುವೆ ಒಡೆದ ಗಾಜಿನ ಹಾಗೆ ಹೊಳೆಯುವ ಜಿಪ್ಸಂ. ಸುಮಾರು 10 ಕೋಟಿ ವರ್ಷದ ಹಿಂದೆ ಇದೆಲ್ಲ ಸಮುದ್ರದ ತಳ. ಕಾವೇರಿ ಬೇಸಿನ್‌ನಲ್ಲಿ ತೈಲ ಹುಡುಕುವ ಕೆಲಸ ಮಾಡುವಾಗ ಇದೇ ಕಾಲದ ಶೇಲ್, ಅಂದರೆ ಪದರಪದರವಾದ ಜೇಡಿಗಲ್ಲು, ಬಾವಿಯಿಂದ ಮೇಲೆ ಬರುತ್ತಿದ್ದದ್ದು ಅಕ್ಕಿಕಾಳಿನಷ್ಟು ಚೂರುಗಳಾಗಿ. ಬಾವಿ ಕೊರೆಯುವಾಗ ಒಳಗೆ ಬಿಡುವ ಕೆಸರಿನಿಂದ (ಡ್ರಿಲ್ಲಿಂಗ್ ಮಡ್) ಸೋಸಿ, ತೊಳೆದು, ಮೈಕ್ರೋಸ್ಕೋಪಿನ ಕೆಳಗಿಟ್ಟು ನೋಡಬೇಕು. ಮರಳುಗಲ್ಲಿನ ಚೂರು ಬಂದರೆ ಅಲ್ಟ್ರಾವಯಲೆಟ್ ದೀಪ ಹಿಡಿಯುತ್ತಿದ್ದೆವು. ತೈಲ ಇದ್ದರೆ ಹೊಂಬಣ್ಣದ ಮಿಂಚು. ರಾತ್ರಿ ಪಾಳಿಯಲ್ಲಿ ಆ ಮಿಂಚು ಕಂಡ ದಿನ ಯಾರಿಗೂ ನಿದ್ದೆಯಿಲ್ಲ.

ಅಲ್ಲಿ ಚೂರು, ಇಲ್ಲಿ ಇಡೀ ನೆಲ. ಅದನ್ನು ತೋರಿಸೋಕೇ ಇವರನ್ನು ಕರೆದುಕೊಂಡು ಬಂದದ್ದು.

ಆ ಹುಡುಗ ಮಾತು ಕಡಿಮೆ. ಬೆರಳುದ್ದದ, ಒಂದು ತುದಿ ಚೂಪಾದ ಕಲ್ಲೊಂದನ್ನು ಎತ್ತಿಕೊಂಡು ಬಂದ. ಬೆಲೆಮ್ನೈಟ್. ಮಂಗಳೂರು ಕಡೆ ಬೊಂಡಾಸ್ ಅಂತಾರಲ್ಲ, ಸ್ಕ್ವಿಡ್, ಅದರ ಹಳೇ ನೆಂಟ, ಅದರ ಮೈಯೊಳಗಿದ್ದ ಗಟ್ಟಿ ಭಾಗ ಇದು ಅಂದೆ. ತಲೆಯಾಡಿಸಿದ. ಸ್ವಲ್ಪ ಹೊತ್ತು ಬಿಟ್ಟು ಕೇಳಿದ:

"ಸರ್, ನಮ್ಮ ಹೊಲದಾಗೆ ಸಾವಿರ ಅಡಿ ಬೋರ್ ಕೊರೆಸಿದ್ರೂ ನೀರು ಬರ್ಲಿಲ್ಲ. ನೀವು ಮೂರು ಕಿಲೋಮೀಟರ್ ಕೆಳಗೆ ಎಣ್ಣೆ ಐತೆ ಅಂತ ಹೆಂಗೆ ಹೇಳ್ತಿದ್ರಿ?"

ಎಷ್ಟು ವರ್ಷದಿಂದ ಪಾಠ ಮಾಡುತ್ತಿದ್ದೇನೆ, ಇದನ್ನು ಹೀಗೆ ಯಾರೂ ಕೇಳಿರಲಿಲ್ಲ.

ಇದೆ ಅಂತ ನಾವು ಯಾವತ್ತೂ ಹೇಳುವುದಿಲ್ಲಪ್ಪ, ಇರಬಹುದು ಅಂತೀವಿ ಅಂದೆ. ಜೀವಿಗಳ ಉಳಿಕೆ ಸೇರಿದ ಶೇಲ್ ಬೇಕು. ಅದು ಆಳಕ್ಕೆ ಹೂತು ಬೇಯಬೇಕು, ಸುಮಾರು 60ರಿಂದ 120 ಡಿಗ್ರಿ ಶಾಖದಲ್ಲಿ. ಹುಟ್ಟಿದ ತೈಲ ಹರಿದು ಸೇರೋಕೆ ಸಂದು ಇರುವ ಕಲ್ಲು ಬೇಕು, ಮೇಲೆ ಸೋರದ ಮುಚ್ಚಳ ಬೇಕು, ನಿಲ್ಲೋಕೆ ತಕ್ಕ ಜಾಗ ಬೇಕು. ಒಂದು ತಪ್ಪಿದರೂ ಬಾವಿ ಒಣ. ಈ ಕಾರೈ ಜೇಡಿ ಅಷ್ಟು ಆಳಕ್ಕೆ ಹೋಗಲೇ ಇಲ್ಲ, ಅದಕ್ಕೇ ಇಲ್ಲಿ ಕಾಲಡಿ ಬಿದ್ದಿದೆ. ಪೂರ್ವಕ್ಕೆ, ನಾಗಪಟ್ಟಿಣಂ ಕಡೆ, ಇದೇ ಕಾಲದ ಪದರಗಳು ಕಿಲೋಮೀಟರುಗಟ್ಟಲೆ ಕೆಳಗಿವೆ.

"ಹಂಗಾದ್ರೆ ನಮ್ಮ ಕಡೆ ಬಂಡೆಯಾಗೆ ಏನೂ ಇಲ್ಲ ಅನ್ರಿ."

ನಮ್ಮದು 300 ಕೋಟಿ ವರ್ಷದ ನೈಸ್ (gneiss), ಶಾಖ ಒತ್ತಡಕ್ಕೆ ಸಿಕ್ಕಿ ಬದಲಾದ ಗಟ್ಟಿ ಬಂಡೆ, ಅದರಲ್ಲಿ ತೈಲ ಹುಟ್ಟುವುದಿಲ್ಲ. ಆದರೆ ಗ್ರಾನೈಟಿನಲ್ಲಿ ತೈಲ ನಿಲ್ಲಬಹುದು! ವಿಯೆಟ್ನಾಮಿನ ಬಾಕ್ ಹೋ ತೈಲಕ್ಷೇತ್ರದ ಕಥೆ ಹೇಳಿದೆ. ಕಡಲ ತಳದಲ್ಲಿ ಬಿರುಕುಬಿಟ್ಟ ಗ್ರಾನೈಟು. ಪಕ್ಕದ ಶೇಲಿನಲ್ಲಿ ಹುಟ್ಟಿದ ತೈಲ ಆ ಬಿರುಕುಗಳಿಗೆ ಹೋಗಿ ತುಂಬಿದೆ. 1988ರಿಂದ ಅಲ್ಲಿ ಗ್ರಾನೈಟಿನಿಂದಲೇ ತೈಲ ತೆಗೆಯುತ್ತಿದ್ದಾರೆ. ವಿಯೆಟ್ನಾಮಿನ ವುಂಗ್ ತಾವ್‌ಗೆ ಹೋಗಿದ್ದಾಗ ಬಾವಿಯಿಂದ ಕೊರೆದು ತೆಗೆದ ಆ ಕಲ್ಲಿನ ತುಂಡನ್ನು (ಕೋರ್) ಕೈಯಲ್ಲಿ ಹಿಡಿದಿದ್ದೆ. ನಮ್ಮೂರ ಬಂಡೆ ಥರಾನೇ, ಬಿರುಕಲ್ಲಿ ಮಾತ್ರ ಕಪ್ಪು.

ಹುಡುಗ ಸುಮ್ಮನೆ ನಿಂತ. ಆಮೇಲೆ, "ಹಂಗಾದ್ರೆ ನಮ್ಮಪ್ಪ ಹುಡುಕಿದ್ದೂ ಬಿರುಕೇ ಅಲ್ವಾ ಸರ್?" ಅಂದ.

ಹೌದು ಕಣೋ! ಅದೇ ಬಿರುಕು. ಒಬ್ಬರಿಗೆ ನೀರು, ಇನ್ನೊಬ್ಬರಿಗೆ ತೈಲ. ಅವನ ಬೆನ್ನು ತಟ್ಟಿದೆ. ಇದಕ್ಕೆ ತಾನೇ ನಾನು ನಿವೃತ್ತಿಯಾದ ಮೇಲೂ ಚೀಲ ಹೊತ್ತುಕೊಂಡು ತಿರುಗುತ್ತಿರುವುದು.

ವಾಪಸು ಬರುವಾಗ ಬಸ್ಸಿನಲ್ಲಿ ಪಕ್ಕಕ್ಕೆ ಬಂದು ಕೂತು ಇನ್ನೊಂದು ಕೇಳಿದ. "ಇದನ್ನ ಓದಿದ್ರೆ ಕೆಲಸ ಸಿಗುತ್ತಾ ಸರ್? ಮುಂದೆ ಪೆಟ್ರೋಲ್ ಗಾಡಿನೇ ಇರಲ್ಲ ಅಂತಾರೆ."

ಮನೆಯಲ್ಲಿ ಸಾಲ ಇರುವ ಹುಡುಗ, ಬಾಯಿಗೆ ಬಂದದ್ದು ಹೇಳೋಕಾಗಲ್ಲ. ಐಸ್‌ಲ್ಯಾಂಡಿನಲ್ಲಿ 2012ರಲ್ಲಿ ಇಂಗಾಲದ ಡೈಆಕ್ಸೈಡನ್ನು ನೀರಲ್ಲಿ ಕರಗಿಸಿ ಬಸಾಲ್ಟ್ ಎಂಬ ಲಾವಾ ಕಲ್ಲಿನೊಳಗೆ ಇಳಿಸಿದರು, ಎರಡು ವರ್ಷದೊಳಗೆ ಹೆಚ್ಚಿನ ಪಾಲು ಕಲ್ಲಾಯಿತು ಅಂತ ಹೇಳಿದೆ. ಬೆಳಗಾವಿ, ವಿಜಯಪುರದ ಕರಿಕಲ್ಲೂ ಬಸಾಲ್ಟೇ. ಲಡಾಖಿನ ಪುಗಾದಲ್ಲಿ ಭೂಮಿಯ ಶಾಖಕ್ಕೆ ಬಾವಿ ಕೊರೆಯುವ ಪ್ರಯತ್ನವನ್ನೂ ಹೇಳಿದೆ. ಪೆಟ್ರೋಲ್ ಹೋದರೂ ಇಂಥ ಕೆಲಸಕ್ಕೆ ನೆಲದ ಕೆಳಗಿನದನ್ನು ಓದಬಲ್ಲವರು ಬೇಕೇ ಬೇಕು. ಆದರೆ ಅವನಿಗೆ ಎರಡು ವರ್ಷದಲ್ಲಿ ಸಂಬಳ ಬೇಕು. ಆ ಭರವಸೆ ಕೊಡಲಿಲ್ಲ.

ಬೇಜಾರಿನ ಸಂಗತಿ ಇನ್ನೊಂದಿದೆ. ಮುಂದಿನ ವರ್ಷದಿಂದ ಫೀಲ್ಡ್ ಟ್ರಿಪ್ ಬೇಡ, ಖರ್ಚು ಜಾಸ್ತಿ, ವಿಡಿಯೋ ತೋರಿಸಿದರೆ ಸಾಕು ಅಂತ ಕಾಲೇಜಿನಲ್ಲಿ ಮಾತು ನಡೆದಿದೆ. ಹೊಟ್ಟೆ ಉರಿಯುತ್ತದೆ. ಕಣ್ಣಿಗೆ ಕಾಣದ್ದನ್ನು ಊಹಿಸುವುದೇ ನಮ್ಮ ಕೆಲಸ. ಕಾಣುವುದನ್ನು ಮುಟ್ಟದೆ ಊಹೆ ಎಲ್ಲಿಂದ ಬರಬೇಕು? ಅಮೆರಿಕದ ವ್ಯಾಲೇಸ್ ಪ್ರಾಟ್ ದೊಡ್ಡ ತೈಲ ಕಂಪನಿಯ ಭೂವಿಜ್ಞಾನಿ. ಟೆಕ್ಸಾಸಿನ ಮೆಕಿಟ್ರಿಕ್ ಕಣಿವೆಯಲ್ಲಿದ್ದ ತನ್ನ ಜಮೀನನ್ನು ಸರ್ಕಾರಕ್ಕೆ ದಾನ ಕೊಟ್ಟರು. ಈಗ ಅದು ಗ್ವಾಡಲೂಪ್ ರಾಷ್ಟ್ರೀಯ ಉದ್ಯಾನದ ಭಾಗ. ಸ್ಪಂಜು, ಪಾಚಿಗಳು ಕಟ್ಟಿದ ಹಳೇ ಕಡಲದಿಬ್ಬವೇ ಬೆಟ್ಟವಾಗಿ ನಿಂತಿರುವುದನ್ನು ನೋಡೋಕೆ ಪ್ರಪಂಚದ ಮೂಲೆಮೂಲೆಯಿಂದ ತೈಲದವರು ಬರುತ್ತಾರೆ. ನಾವು ಒಂದು ಬಸ್ಸಿಗೆ ಲೆಕ್ಕ ಹಾಕುತ್ತಿದ್ದೇವೆ.

ಮುಂಬೈ ಹತ್ತಿರದ ಕಡಲಲ್ಲಿರುವ ಬಾಂಬೆ ಹೈನಲ್ಲಿ ತೈಲ ಸಿಕ್ಕಿದ್ದು 1974ರ ಫೆಬ್ರವರಿಯಲ್ಲಿ. ಈ ತಿಂಗಳಿಗೆ ಸರಿಯಾಗಿ 50 ವರ್ಷ. ನಾಳೆ ಬಸ್ಸಿನಲ್ಲಿ ಅಲ್ಲಿ ಬಾವಿ ಕೊರೆದ ಸಾಗರ್ ಸಮ್ರಾಟ್ ರಿಗ್ಗಿನ ಕಥೆ ಹೇಳಬೇಕು.

ನಮ್ಮಾಕೆ ಫೋನ್ ಮಾಡಿದ್ದಳು, ಮಾತ್ರೆ ತಗೊಂಡ್ರಾ ಅಂತ. ತಗೊಂಡೆ. ಬಸ್ಸಿನ ಖರ್ಚು ನಾನೇ ಹಾಕಿದರೆ ಹೇಗೆ ಅನ್ನೋ ಯೋಚನೆ ಅವಳಿಗೆ ಇನ್ನೂ ಹೇಳಿಲ್ಲ. ಪೂರ್ತಿ ಅಲ್ಲದಿದ್ದರೂ ಅರ್ಧ. ಉಳಿದರ್ಧ ಹಳೇ ಶಿಷ್ಯರನ್ನು ಕೇಳಬಹುದು, ಒಳ್ಳೆ ಸಂಬಳದಲ್ಲಿರುವವರು ಇದ್ದಾರೆ. ಅಥವಾ ಹತ್ತಿರ ಅಂತ ಬಾದಾಮಿಗೆ ಹೋದರೆ? ಮರಳುಗಲ್ಲೇನೋ ಇದೆ, ಆದರೆ ಈ ಜೇಡಿ, ಈ ಬೆಲೆಮ್ನೈಟು ಅಲ್ಲಿ ಎಲ್ಲಿ ಸಿಗಬೇಕು. ನಾಳೆ ಕಲ್ಲಕ್ಕುಡಿಯ ಸುಣ್ಣದಕಲ್ಲು ಗಣಿ, ಏಳಕ್ಕೇ ಹೊರಡಬೇಕು, ಡ್ರೈವರಿಗೆ ಹೇಳಿದ್ದೇನೋ ಇಲ್ಲವೋ